ಸಿಕ್ಕಿನಲ್ಲಿ ಸಿಕ್ಕಿದ್ದು

ಆ ಮನೆಯಲ್ಲಿ ಬಾಚಣಿಗೆಗಳಿಗೆ ಆಯುಸ್ಸು ಕಡಿಮೆ. ತಂದ ಹೊಸದರಲ್ಲಿ ಮಿರಿಮಿರಿ ಮಿಂಚುತ್ತಿದ್ದದ್ದು ತಿಂಗಳು ಕಳೆಯುವುದರೊಳಗೆ ನಡುವಿನ ಹಲ್ಲು ಕಳೆದುಕೊಂಡು, ಆಮೇಲೆ ಅಂಚಿನವನ್ನೂ ಕಳೆದುಕೊಂಡು, ಕೊನೆಗೆ ಬೊಚ್ಚುಬಾಯಿ ಬಿಟ್ಟು ಕಿಟಕಿಯ ಕಟ್ಟೆಯ ಮೇಲೆ ಕೂತಿರುತ್ತದೆ. ಇದಕ್ಕೆಲ್ಲ ಕಾರಣ ಮೊಮ್ಮಗಳ ತಲೆ. ಅವಳ ಕೂದಲು ಊದಿದರೆ ಹಾರುವಷ್ಟು ಹಗುರ, ಬೆರಳಿಗೆ ತಾಗಿದ್ದೇ ತಿಳಿಯದಷ್ಟು ನವಿರು. ಪಾಪದ ಕೂದಲು ಎಂದು ನಂಬಿದಿರೋ, ಕೆಟ್ಟಿರಿ. ದಿಂಬಿನ ಮೇಲೆ ಒಂದು ರಾತ್ರಿ ಹೊರಳಾಡಿ ಎದ್ದರೆ ಸಾಕು, ಅಳಿಲು ಬಂದು ಗೂಡು ಕಟ್ಟಿಹೋದ ಹಾಗೆ ಹಿಂದಲೆಯೆಲ್ಲ ಸಿಕ್ಕಾಗಿರುತ್ತದೆ.

ಈ ತಲೆಯನ್ನು ಬಾಚುವುದು ಇಬ್ಬರ ಕೆಲಸ. ಎಡಗಡೆ ಮಗಳ ಪಾಲು, ಬಲಗಡೆ ಅಜ್ಜಿ ಉಂಡೆಯಮ್ಮನ ಪಾಲು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಅದರ ಬಾಗಿಲು ತೆಗೆಯಬೇಕಾದವಳು ಅವಳೇ. ಅಳಿಯ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಹಾಗಾಗಿ ಮಗಳು ಅರ್ಧ ತಲೆ ಬಾಚಿ, "ಉಂಡೆಯಮ್ಮಾ, ಉಳಿದಿದ್ದು ನಿಂದು" ಎಂದು ಹುಡುಗಿಯನ್ನು ಹಿತ್ತಿಲ ಮೆಟ್ಟಿಲಿಗೆ ಕಳಿಸುತ್ತಾಳೆ. ಮೇಲಿನ ಮೆಟ್ಟಿಲಲ್ಲಿ ಅಜ್ಜಿ, ಕೆಳಗಿನ ಮೆಟ್ಟಿಲಲ್ಲಿ ಮೊಮ್ಮಗಳು. ಇದು ಎಷ್ಟೋ ಕಾಲದಿಂದ ನಡೆದು ಬಂದದ್ದು.

ನಿನ್ನೆ ಬೆಳಿಗ್ಗೆ ಮಾತ್ರ ಎಡವಟ್ಟಾಯಿತು. ಉಂಡೆಯಮ್ಮನ ಬೆರಳುಗಳು ಈಚೆಗೆ ಹೇಳಿದ ಮಾತು ಕೇಳುವುದಿಲ್ಲ. ಸಡಿಲಿಸಲು ಹೋದದ್ದು ಎಳೆದುಬಿಟ್ಟಿತು. ಹುಡುಗಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಸಂಜೆ ಮಗಳು ಚೀಲ ಇಳಿಸುತ್ತಲೇ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಭಾನುವಾರ ಕಟ್ ಮಾಡಿಸ್ಬಿಡೋಣ ಉಂಡೆಯಮ್ಮ. ಕಿವಿ ಮೇಲಕ್ಕೆ, ಚಿಕ್ಕದಾಗಿ. ಇವಳಿಗೂ ನೋವಿಲ್ಲ, ನಿನ್ನ ಕೈಗೂ ಆರಾಮ."

ಆರಾಮ ಕೇಳಿದವರು ಯಾರು? ಉಂಡೆಯಮ್ಮ ಹಾಗೆಂದು ಬಾಯಿಬಿಟ್ಟು ಕೇಳಲಿಲ್ಲ. "ನಿಂಗೆ ಸರಿ ಕಂಡ ಹಾಗೆ ಮಾಡಮ್ಮ" ಎಂದಳು. ಆದರೆ ಊಟದ ತಟ್ಟೆಯ ಮುಂದೆ ಕೂತು ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದಳು. ಈ ಮನೆಯಲ್ಲಿ ಅವಳಿಗೆ ಉಳಿದದ್ದು ಅರ್ಧ ತಲೆ. ಅದೂ ಹೋದರೆ ಬೆಳಿಗ್ಗೆ ಎದ್ದು ಕೈಯನ್ನು ಎಲ್ಲಿಟ್ಟುಕೊಳ್ಳುವುದು?

ಅಲ್ಲದೆ ಈ ಮನೆಯಲ್ಲಿ ಇಂಥದ್ದೇ ಕೂದಲಿನ ಮೇಲೆ, ಇಂಥದ್ದೇ ಒಂದು ಭಾನುವಾರದ ಮಾತು ಹಿಂದೆಯೂ ಒಮ್ಮೆ ಬಂದಿತ್ತು.

ಉಂಡೆಯಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ರೈಲ್ವೆ ಗೇಟಿನ ಆಚೆ ತಗಡಿನ ಮಾಡಿನ ಉದ್ದನೆಯ ಶೆಡ್ಡೊಂದಿತ್ತು. ಅಲ್ಲಿಗೆ ಹಳೆಯ ಸ್ವೆಟರುಗಳು ಮೂಟೆಗಟ್ಟಲೆ ಬರುತ್ತಿದ್ದವು: ಮೊಣಕೈ ತೂತಾದವು, ಮಗು ಬೆಳೆದು ಗಿಡ್ಡವಾದವು, ಯಾವುದೋ ಮುದುಕರ ಮೈಯ ವಾಸನೆ ಇನ್ನೂ ಬಿಡದವು. ಹೊಲಿಗೆ ಕಿತ್ತು, ತೋಳು ಬೇರೆ ಮೈ ಬೇರೆ ಮಾಡಿ, ಒಂದು ಎಳೆ ಹಿಡಿದು ಬಿಚ್ಚುತ್ತಾ ಹೋದರೆ ಸ್ವೆಟರು ಮಾಯವಾಗಿ ನೂಲು ಉಳಿಯುತ್ತಿತ್ತು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಸುಕ್ಕು ಹೋಗಲು ಕೆಳಗೆ ಕಲ್ಲು ಕಟ್ಟಿ ತಂತಿಗೆ ನೇತುಹಾಕಿ, ಒಣಗಿದ ಮೇಲೆ ಉಂಡೆ ಸುತ್ತಬೇಕು. ಲಂಗ ಹಾಕುವ ವಯಸ್ಸಿನಲ್ಲಿ ಆ ಶೆಡ್ಡು ಹೊಕ್ಕವಳು, ಮೂವತ್ತು ದಾಟಿದರೂ ಅಲ್ಲೇ ಉಂಡೆ ಸುತ್ತುತ್ತಿದ್ದಳು. ಸಂಜೆ ಹೊರಬರುವಾಗ ರೆಪ್ಪೆಯ ಮೇಲೂ ಉಣ್ಣೆಯ ನವಿರು ಕೂತಿರುತ್ತಿತ್ತು.

ಉಂಡೆ ಮಾಡುವವಳು ಎಂದು ಕೇಳಿ ಬೀದಿಯ ಮಕ್ಕಳು ಬಾಯಲ್ಲಿ ನೀರೂರಿಸಿಕೊಂಡು ಬಂದು ಸಾಲಾಗಿ ಕೈಯೊಡ್ಡಿದ್ದವು. ಚೀಲದಿಂದ ಅವಳು ತೆಗೆದದ್ದು ಬೂದು ಬಣ್ಣದ ಉಣ್ಣೆಯ ಉಂಡೆ. ಒಬ್ಬ ಪೋರನಂತೂ ಛಲ ಬಿಡದೆ ಕಚ್ಚಿಯೂ ನೋಡಿದ. ಹಲ್ಲಿನ ಸಂದಿಯ ಎಳೆ ಕೀಳುತ್ತಾ, "ಈ ಉಂಡೆಯಮ್ಮ ನಮಗೆಲ್ಲ ಉಂಡೆನಾಮ ಹಾಕಿದ್ರು!" ಎಂದು ಸಾರಿದ. ಹೆಸರು ಅಂದಿನಿಂದ ಅಂಟಿಕೊಂಡಿತು. ಅವಳ ಮೈಕಟ್ಟೂ ಆ ಹೆಸರಿಗೆ ಅನ್ಯಾಯ ಮಾಡುವಂಥದ್ದಾಗಿರಲಿಲ್ಲ.

ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖಭಾವ ನೋಡಿಕೊಂಡು ಉಣ್ಣುತ್ತಿದ್ದ ಅವಳಿಗೆ ಆಗಲೇ ಈ ಸಂಬಂಧ ಬಂತು. ಗಂಡು ಪಕ್ಕದ ಬೀದಿಯವನು, ಬಸ್ ಗ್ಯಾರೇಜಿನಲ್ಲಿ ಟೈರ್ ಬಿಚ್ಚಿ ಹಾಕುವ ಕೆಲಸದವನು. ಮೊದಲ ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ, ಐದು ವರ್ಷದ ಹೆಣ್ಣುಮಗು. ಆ ಮನುಷ್ಯ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವನಲ್ಲ. "ನಂಗೆ ಹೆಂಡತಿ ಬೇಕು ಅಂತಲ್ಲ. ಮಗೂಗೆ ಒಬ್ಬರು ಬೇಕು. ಅದು ನಿಮಗೆ ಒಗ್ಗಿಕೊಂಡ್ರೆ ಎಲ್ಲ ಸರಿ" ಎಂದು ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಬೇರೆ ಹೆಣ್ಣಾಗಿದ್ದರೆ ಎದ್ದು ಹೋಗುತ್ತಿತ್ತು. ಇವಳಿಗೆ ಆ ಮಾತು ಹಿಡಿಸಿತು; ಮದುವೆಯಾಗಿ ಆ ಮನೆಗೆ ಬಂದಳು.

ಮಗು ಒಗ್ಗಿಕೊಳ್ಳುವುದಿರಲಿ, ತಿರುಗಿಯೂ ನೋಡಲಿಲ್ಲ. ಅತ್ತೆ "ಅಮ್ಮ ಅನ್ನು, ಅಮ್ಮ ಅನ್ನು" ಎಂದು ಬೆನ್ನಿಗೆ ಬಿದ್ದರು. ಮಗು ತುಟಿ ಬಿಗಿದು ನಿಂತು, ಕೊನೆಗೆ ಬೀದಿಯ ಮಕ್ಕಳಿಂದ ಕಲಿತದ್ದನ್ನೇ ಒಪ್ಪಿಸಿತು: "ಉಂಡೆಯಮ್ಮ."

"ಇರ್ಲಿ ಬಿಡಿ ಅತ್ತೆ," ಎಂದಳು ಇವಳು ನಗುತ್ತಾ. "ಹೇಗೂ ಬಾಲದಲ್ಲಿ ಅಮ್ಮ ಇದ್ದಾಳಲ್ಲ."

ನಕ್ಕದ್ದೇನೋ ನಕ್ಕಳು. ಒಳಗೆ ಚುರುಕ್ಕೆಂದದ್ದು ಸುಳ್ಳಲ್ಲ.

ಇನ್ನು ಆ ಮಗುವಿನ ಕೂದಲು. ಕಂದು ಬಣ್ಣ, ಗಾಳಿ ಬೀಸಿದರೆ ಮುಖದ ಸುತ್ತ ತೇಲುವಂಥದ್ದು; ಬೀದಿಯವರು ಅದನ್ನು ನೋಡಿಯೇ ಮಗುವಿಗೆ ಹತ್ತಿ ಎಂದು ಹೆಸರಿಟ್ಟಿದ್ದರು. ಎಡಗಡೆ ಹೇಗೋ ಇತ್ತು. ಬಲಗಡೆ, ಕತ್ತಿನ ಹಿಂದೆ ಮಾತ್ರ ಒಂದು ಮುದ್ದೆ: ಎಣ್ಣೆ, ಧೂಳು, ಹೊದಿಕೆಯ ಜುಂಗು ಎಲ್ಲ ಸೇರಿ ನಿಂಬೆಹಣ್ಣಿನ ಗಾತ್ರಕ್ಕೆ ಗಟ್ಟಿಯಾದ ಸಿಕ್ಕು. ತಾಯಿ ಹೋದ ಮೇಲೆ ಅಲ್ಲಿಗೆ ಬಾಚಣಿಗೆ ಹೋಗಿರಲಿಲ್ಲ. ಅಜ್ಜಿ ತಲೆಗೆ ನೀರು ಹಾಕುವಾಗಲೂ ಮಗು ಎರಡೂ ಕೈಯಿಂದ ಅದನ್ನು ಮುಚ್ಚಿ ಹಿಡಿದಿರುತ್ತಿತ್ತು.

ಉಂಡೆಯಮ್ಮನಿಗೆ ಅದನ್ನು ಕಂಡು ಕೈ ತುರಿಸಿತು. ಇಷ್ಟು ಕಾಲ ಸಿಕ್ಕು ಬಿಡಿಸಿಯೇ ಬದುಕಿದವಳು. ಇದೊಂದನ್ನು ಬಿಡಿಸಿಕೊಟ್ಟರೆ ಮಗು ತನ್ನದಾಗುತ್ತದೆ ಎಂದುಕೊಂಡಳು. ಹೊಸ ಬಾಚಣಿಗೆ ತಂದಳು. ಆದರೆ ಶೆಡ್ಡಿನಲ್ಲಿ ಕಲಿತದ್ದೆಲ್ಲ ಗಡಿಬಿಡಿಯಲ್ಲಿ ಮರೆತುಹೋಗಿ, ತುದಿಯಿಂದ ಶುರು ಮಾಡಬೇಕಾದವಳು ಬುಡಕ್ಕೇ ಬಾಚಣಿಗೆ ಹಾಕಿದಳು. ಮಗು ಕೂಗಿದ ಕೂಗಿಗೆ ಅತ್ತೆ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದರು. ಬಾಚಣಿಗೆಯ ಹಲ್ಲೆರಡು ಸಿಕ್ಕಿನಲ್ಲೇ ಉಳಿದವು. ಹಾಲು ಉಕ್ಕಿ ಒಲೆಯ ಪಾಲಾಯಿತು.

"ಕೆಲಸ ಗೊತ್ತಿರೋಳು ಅಂತ ಕೇಳಿದ್ದೆ," ಎಂದರು ಅತ್ತೆ. ಅತ್ತೆಯ ಬಾಯಲ್ಲಿ ಅದು ಬೈಗುಳಕ್ಕಿಂತ ಜೋರು.

ಆಮೇಲೆ ಎಷ್ಟು ಪೂಸಿ ಹೊಡೆದರೂ ಮಗು ಜಪ್ಪಯ್ಯ ಎನ್ನಲಿಲ್ಲ. ರಿಬ್ಬನ್ನು ತಂದರೆ ರಿಬ್ಬನ್ನು ಗೊಂಬೆಗೆ ಕಟ್ಟಿತು. ಮಲಗುವಾಗಲೂ ಒಂದು ಕೈ ಕತ್ತಿನ ಹಿಂದೆಯೇ. ಅಷ್ಟರಲ್ಲಿ ಶಾಲೆಯ ಟೀಚರಮ್ಮ ಗೇಟಿನಲ್ಲಿ ತಂದೆಯನ್ನು ನಿಲ್ಲಿಸಿ, ಮಕ್ಕಳ ತಲೆಯಲ್ಲಿ ಹೇನು ಹರಡುತ್ತಿದೆ, ಇದನ್ನು ಹೀಗೆ ಬಿಡಬೇಡಿ ಎಂದರು. ಆತ ಮನೆಗೆ ಬಂದವನೇ ಕೈಯ ಗ್ರೀಸು ತೊಳೆಯುತ್ತಾ ತೀರ್ಪು ಕೊಟ್ಟ.

"ಭಾನುವಾರ ಕಟಿಂಗ್ ಅಂಗಡಿಗೆ ಕರ್ಕೊಂಡು ಹೋಗ್ತೀನಿ. ಬುಡಕ್ಕೇ ತೆಗೆಸ್ಬಿಡ್ತೀನಿ. ಮತ್ತೆ ಬೆಳೆಯುತ್ತೆ."

"ಇನ್ನೊಂದು ಸ್ವಲ್ಪ ದಿನ ನೋಡೋಣಾರೀ," ಎಂದಳು ಉಂಡೆಯಮ್ಮ.

"ನೋಡಿದ್ದಾಯ್ತಲ್ಲ."

ಕೂದಲು ಬೆಳೆಯುತ್ತದೆ, ಅದು ಅವಳಿಗೂ ಗೊತ್ತು. ಆದರೆ ಮಗುವಿನ ಲೆಕ್ಕದಲ್ಲಿ ಅದು ಹೇಗೆ ಉಳಿಯುತ್ತದೆ? 'ಇವಳು ಬಂದಳು, ನನ್ನ ಕೂದಲು ಕತ್ತರಿಸಿದರು.' ಮುಂದೆ ಯಾವ ಜನ್ಮಕ್ಕೂ ಆ ಮಗು ತನ್ನ ಹತ್ತಿರ ಸುಳಿಯುವುದಿಲ್ಲ ಎಂದು ಅವಳಿಗೆ ಖಚಿತವಾಯಿತು.

ಮರುದಿನ ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಮಗು ಒಂಟಿಯಾಗಿ ಕೂತಿತ್ತು. ಉಂಡೆಯಮ್ಮ ಹತ್ತಿರ ಹೋಗಲಿಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಿದಳು.

"ಆ ಸಿಕ್ಕು ಯಾರಿಗೆ ಅಂತ ಇಟ್ಕೊಂಡಿದ್ದೀಯೇ ಹತ್ತಿ?"

ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭವಿರಬೇಕು. ಉತ್ತರ ಬಂತು.

"ಅಮ್ಮಂಗೆ."

"ಅಮ್ಮಂಗೆ ಯಾಕೆ?"

"ಅಮ್ಮ ಈ ಕಡೆ ಬಿಡಿಸಿದ್ಲು. ಆ ಕಡೆದು ಬಂದ್ಮೇಲೆ ಬಿಡಿಸ್ತೀನಿ ಅಂದ್ಲು. ಆಮೇಲೆ ಆಸ್ಪತ್ರೆಗೆ ಹೋದ್ಲು." ಮಗು ದನಿ ತಗ್ಗಿಸಿತು, ಗುಟ್ಟು ಹೇಳುವವರ ಹಾಗೆ. "ಅಜ್ಜಿ ದಿನಾ ಹೇಳುತ್ತೆ, ಅಮ್ಮ ಸಿಕ್ತಾಳೆ, ಸಿಕ್ತಾಳೆ ಅಂತ. ಸಿಕ್ಕು ಇದ್ರೆ ತಾನೇ ಸಿಕ್ಕೋದು?"

ಉಂಡೆಯಮ್ಮನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು. ಸಿಕ್ಕು ಇದ್ದರೆ ಸಿಕ್ಕುತ್ತಾಳೆ. ಬಿಡಿಸಿದರೆ ಬಿಟ್ಟುಹೋಗುತ್ತಾಳೆ. ದೊಡ್ಡವರು ಸಮಾಧಾನಕ್ಕೆಂದು ಎಸೆದ ಒಂದು ಮಾತನ್ನು ಮಗು ಹಿಡಿದುಕೊಂಡು, ತನಗೆ ತಿಳಿದ ಭಾಷೆಯಲ್ಲಿ ಪೋಣಿಸಿ, ಇಷ್ಟು ದಿನ ಕತ್ತಿನ ಹಿಂದೆ ಕಾವಲು ಕಾದಿತ್ತು. ಆಡುವ ಮಾತನ್ನು ಅಳೆದು ಆಡಬೇಕು ಎಂದು ನಮ್ಮಲ್ಲಿ ಎಲ್ಲರೂ ಉಪದೇಶ ಮಾಡುತ್ತಾರೆ; ಮಗುವಿನ ಮುಂದೆ ಮಾತ್ರ ಬಾಯಿಗೆ ಬಂದದ್ದು ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಶನಿವಾರ ಅವಳು ಮಗುವನ್ನು ಶೆಡ್ಡಿಗೆ ಕರೆದುಕೊಂಡು ಹೋದಳು. ಅತ್ತೆ ಗೊಣಗಿದರು, ಆದರೂ ಬೇಡವೆನ್ನಲಿಲ್ಲ. ಒದ್ದೆ ಉಣ್ಣೆಯ ವಾಸನೆ, ತಂತಿಗಳ ಮೇಲೆ ಇಳಿಬಿದ್ದ ಕೆಂಪು ಹಸಿರು ನೂಲು, ಸಾಲಾಗಿ ಕೂತು ಮಾತಿನ ಜೊತೆ ಕೈಯನ್ನೂ ಓಡಿಸುವ ಹೆಂಗಸರು. ಮಗು ಕಣ್ಣರಳಿಸಿಕೊಂಡು ನಿಂತಿತು. ಗೋಡೆಯ ಹಲಗೆಯ ಮೇಲೆ ಒಂದು ನೀಲಿ ಉಂಡೆ ಅರ್ಧಕ್ಕೆ ನಿಂತಿತ್ತು. ಎಳೆಯ ತುದಿ ಕೆಳಗೆ ಜೋತಾಡುತ್ತಿತ್ತು.

"ಅದ್ಯಾಕೆ ಹಾಗಿದೆ?" ಎಂದು ಮಗು ಕೇಳಿತು.

"ಅದನ್ನ ಒಬ್ಬರು ಅಜ್ಜಿ ಸುತ್ತುತಾ ಇದ್ರು. ಅಷ್ಟರಲ್ಲಿ..."

"ಅಷ್ಟರಲ್ಲಿ?"

ಉಂಡೆಯಮ್ಮನಿಗೆ ಬೇರೆ ಮಾತು ತೋಚಲಿಲ್ಲ. ತೋಚಿದ್ದರೂ ಅಂದು ಆಡುತ್ತಿರಲಿಲ್ಲ. "ತೀರ್ಕೊಂಡ್ರು" ಎಂದಳು.

ಮಗು ಆ ಜೋತಾಡುವ ಎಳೆಯನ್ನೇ ನೋಡುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಕೇಳಿತು.

"ಅಮ್ಮನ ಹಾಗಾ?"

ಅಂದರೆ ಮಗುವಿಗೆ ಗೊತ್ತಿತ್ತು. ಎಲ್ಲೋ ಒಳಗೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ. ಉಂಡೆಯಮ್ಮ ಅದರ ಎದುರು ಕೂತಳು.

"ಹೂಂ ಪುಟ್ಟ. ಅಮ್ಮನ ಹಾಗೆ."

ಅದು ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಏನು ಮಾಡಬೇಕೋ ತಿಳಿಯದೆ ಅವಳು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು: ಹಲಗೆಯಿಂದ ನೀಲಿ ಉಂಡೆಯನ್ನು ಇಳಿಸಿ, ತುದಿ ಹಿಡಿದು ಸುತ್ತತೊಡಗಿದಳು. ಆ ಅಜ್ಜಿ ಹೋದ ಮೇಲೆ ಶೆಡ್ಡಿನಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ, ಹೆದರಿಕೆಗಲ್ಲ, ಸಂಕಟಕ್ಕೆ. ಈಗ ಹೆಂಗಸರೆಲ್ಲ ಇತ್ತ ತಿರುಗಿದರು.

"ಬಿಚ್ಚಿ ಮೊದಲಿಂದ ಸುತ್ತಲ್ವಾ?" ಎಂದಿತು ಮಗು.

"ಯಾಕೆ ಬಿಚ್ಚಬೇಕು? ಒಬ್ಬರು ಅರ್ಧ ಸುತ್ತಿದ್ದನ್ನ ನಾವು ಇಲ್ಲಿ ಬಿಚ್ಚೋದೇ ಇಲ್ಲ. ಅವರು ಸುತ್ತಿದ್ದು ಒಳಗೇ ಇರುತ್ತೆ. ಅದರ ಮೇಲೇ ನಾವು ಸುತ್ತೋದು."

"ಒಳಗೇ ಇರುತ್ತಾ?"

"ಒಳಗೇ. ಭದ್ರವಾಗಿ."

ಮನೆಗೆ ಬಂದ ಮೇಲೆ ಮಗು ಅಜ್ಜಿಯ ಮುಂದೆ ನಿಂತು, "ಅಮ್ಮ ತೀರ್ಕೊಂಡಳಂತೆ, ನೀನ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿಬಿಟ್ಟಿತು. ಮನೆ ರಣರಂಗವಾಯಿತು. "ಕಾಲಿಟ್ಟು ಇನ್ನೂ ತಿಂಗಳಾಗಿಲ್ಲ, ಆಗ್ಲೇ ಮಗುವಿನ ಎದೆಗೆ ಕೊಳ್ಳಿ ಇಟ್ಟಳು" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಗಂಡ ಊಟ ಮಾಡದೆ ಮಲಗಿದ. ಭಾನುವಾರ ಬೆಳಿಗ್ಗೆ ಎದ್ದವನೇ ಮಗುವಿನ ಕೈ ಹಿಡಿದು ಕಟಿಂಗ್ ಅಂಗಡಿಗೆ ಹೊರಟ. ಮಗು ಮರುಮಾತಿಲ್ಲದೆ ಹೋಯಿತು.

ಉಂಡೆಯಮ್ಮ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ಕೂತಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಈಗ ಕುರ್ಚಿಯ ಮೇಲೆ ಹಲಗೆ ಹಾಕಿ ಕೂರಿಸಿರುತ್ತಾರೆ, ಈಗ ಬಿಳಿ ಬಟ್ಟೆ ಹೊದಿಸಿರುತ್ತಾರೆ, ಈಗ ಕತ್ತರಿ. ಅಣ್ಣನ ಮನೆಗೆ ವಾಪಸು ಹೋಗಿ ಅತ್ತಿಗೆಗೆ ಯಾವ ಮುಖ ತೋರಿಸುವುದು ಎಂಬಲ್ಲಿಯವರೆಗೂ ಅವಳ ಯೋಚನೆ ಹರಿದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ತಲೆಯೆತ್ತಿದರೆ, ಹೋದ ಹಾಗೆಯೇ ವಾಪಸು ಬಂದಿತ್ತು ಮಗು, ಒಂದು ಕೂದಲೂ ಕೊಂಕದೆ. ಹಿಂದೆ ಅಪ್ಪ, ಮುಖ ಹುಳ್ಳಗೆ ಮಾಡಿಕೊಂಡು.

"ಕುರ್ಚಿ ಮೇಲೆ ಕೂತ್ಕೊಂಡು, ಕತ್ತರಿ ತಗೊಳ್ಳೋ ಹೊತ್ತಿಗೆ ಎದ್ದು ನಿಂತುಬಿಡ್ತು ಕಣೇ," ಎಂದ. "ಅರ್ಧ ಅಮ್ಮ ಬಿಡಿಸಿದ್ದಾಳೆ, ಉಳಿದಿದ್ದು ಉಂಡೆಯಮ್ಮ ಬಿಡಿಸ್ಲಿ ಅಂತ. ಅಂಗಡಿಯವನು ಬೇರೆ ನಗ್ತಾನೆ."

ಮಗು ಆಗಲೇ ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಕೊಟ್ಟು ಕೂತಾಗಿತ್ತು. ಕತ್ತಿನ ಹಿಂದಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿತ್ತು.

ಈ ಸಲ ಉಂಡೆಯಮ್ಮ ಬಾಚಣಿಗೆ ಮುಟ್ಟಲಿಲ್ಲ. ಕೈಗೆ ಎಣ್ಣೆ ಸವರಿಕೊಂಡು, ಶೆಡ್ಡಿನಿಂದ ತಂದ ತುದಿ ಸವೆದ ಮರದ ಕಡ್ಡಿಯೊಂದನ್ನು ಹಿಡಿದು, ಕೂದಲ ತುದಿಯಿಂದ ಶುರು ಮಾಡಿದಳು. ಎಳೆಯಬಾರದು, ಸಡಿಲಿಸಬೇಕು. ಒಂದು ಎಳೆ ಬಂದರೆ ಅದನ್ನು ಮುಂದಕ್ಕೆ ಹಾಕಿ, ಇನ್ನೊಂದು. ಬುಡವನ್ನು ಎಡಗೈಯಲ್ಲಿ ಹಿಡಿದುಕೊಂಡರೆ ನೋವು ತಲೆಗೆ ಹೋಗುವುದಿಲ್ಲ. ಸುಮ್ಮನೆ ಕೂತ ಮಗುವಿಗೆ ಬೇಸರವಾಗದಿರಲಿ ಎಂದು, ಗಂಟು ಬಿಟ್ಟಾಗಲೆಲ್ಲ "ಸಿಕ್ತು!" ಎನ್ನತೊಡಗಿದಳು.

"ಏನು ಸಿಕ್ತು?"

"ಬಾಚಣಿಗೆ ಹಲ್ಲು. ನಂದೇ ಪಾಪದ ಫಲ."

ಮಗು ಕಿಸಕ್ಕೆಂದಿತು. ಆ ಮನೆಗೆ ಬಂದ ಮೇಲೆ ಅವಳು ಕೇಳಿದ ಮೊದಲ ನಗು ಅದು.

"ಸಿಕ್ತು!"

"ಏನು ಸಿಕ್ತು?"

"ಹುಲ್ಲಿನ ಬೀಜ. ಎಲ್ಲಿ ಹೊರಳಾಡಿದ್ಯೇ ಕತ್ತೆ?"

ಹೀಗೆ ಬಿಸಿಲು ಗೋಡೆಯಿಂದ ಇಳಿದು ಮೆಟ್ಟಿಲಿಗೆ ಬಂತು. ಮುದ್ದೆ ಕರಗುತ್ತಾ ಬಂದು ಬೆರಳಿನಷ್ಟಾಯಿತು. ಅದರ ನಟ್ಟನಡುವೆ, ಎಲ್ಲ ಎಳೆಗಳೂ ಸುತ್ತಿಕೊಂಡಿದ್ದ ಜಾಗದಲ್ಲಿ, ಉಂಡೆಯಮ್ಮನ ಕಣ್ಣಿಗೆ ಒಂದು ಬೇರೆ ಎಳೆ ಬಿತ್ತು. ಮಗುವಿನದ್ದು ಕಂದು, ನವಿರು. ಇದು ಕಡುಗಪ್ಪು, ದಪ್ಪ. ಮೆಲ್ಲಗೆ ಎಳೆದರೆ ಬರುತ್ತಲೇ ಇತ್ತು, ಅವಳ ಮೊಣಕೈವರೆಗೆ ಬರುವಷ್ಟು ಉದ್ದ. ನಡುಮನೆಯ ಗೋಡೆಯ ಫೋಟೋದಲ್ಲಿ ಹೆಗಲ ಮೇಲಿನಿಂದ ಮುಂದಕ್ಕೆ ಇಳಿಬಿಟ್ಟ ಆ ಕಪ್ಪು ಜಡೆಯನ್ನು ಅವಳು ದಿನಾ ನೋಡುತ್ತಿದ್ದಳು. ಮಗುವನ್ನು ತಬ್ಬಿ ಮಲಗಿದ ಯಾವುದೋ ಬೆಳಿಗ್ಗೆ ಅಂಟಿಕೊಂಡದ್ದು, ಅಲ್ಲೇ ಉಳಿದುಬಿಟ್ಟಿತ್ತು.

ಒಂದು ಗಳಿಗೆ ಉಂಡೆಯಮ್ಮನಿಗೆ ಹೊಟ್ಟೆಕಿಚ್ಚಾಯಿತು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಇಷ್ಟು ಕಷ್ಟಪಟ್ಟು ಬಿಡಿಸಿದವಳು ತಾನು, ಕೊನೆಗೆ ಇಲ್ಲೂ ಅವಳೇ. ಉದುರಿದ ಕೂದಲಿನ ಜೊತೆ ಸುತ್ತಿ ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಅತ್ತ ಹೋಯಿತೂ ಕೂಡ.

"ಏನು ಸಿಕ್ತು?" ಎಂದು ಮಗು ಕೇಳಿತು.

ಅವಳು ಆ ಎಳೆಯನ್ನು ಮಗುವಿನ ಅಂಗೈಯಲ್ಲಿಟ್ಟಳು. "ನೋಡು. ಅಮ್ಮಂದು."

ಮಗು ಅದನ್ನು ಬೆಳಕಿಗೆ ಹಿಡಿಯಿತು. ಮುಖಕ್ಕೆ ಒತ್ತಿಕೊಂಡಿತು. ಆಮೇಲೆ ತಿರುಗಿ ಉಂಡೆಯಮ್ಮನನ್ನು ನೋಡಿ, ಒಂದು ವಾದದಲ್ಲಿ ಗೆದ್ದವರ ಹಾಗೆ ಹೇಳಿತು.

"ಹೇಳಿದ್ನಲ್ಲ, ಸಿಕ್ತಾಳೆ ಅಂತ."

ಹಾಗೆಂದದ್ದೇ ತಡ, ಅಷ್ಟು ದಿನ ತಡೆದಿಟ್ಟದ್ದೆಲ್ಲ ಕಟ್ಟೆಯೊಡೆಯಿತು. ಉಂಡೆಯಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಿತು. ಅಳು ಕೇಳಿ ಅತ್ತೆ ಜಗಳಕ್ಕೆ ತಯಾರಾಗಿಯೇ ಬಂದರು. ಆ ಕಪ್ಪು ಎಳೆ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೇಲಿನ ಮೆಟ್ಟಿಲಲ್ಲಿ ಕುಸಿದರು. ಸೊಸೆ ಹೋದದ್ದಕ್ಕೆ ಆ ಮುದುಕಿಯೂ ಮನಸ್ಸು ಬಿಚ್ಚಿ ಅತ್ತಿರಲಿಲ್ಲ ಎಂಬುದು ಉಂಡೆಯಮ್ಮನಿಗೆ ಆಗ ಹೊಳೆಯಿತು.

ಒಂದೇ ಕೂದಲನ್ನು ಉಂಡೆ ಸುತ್ತಲು ಬರುತ್ತದೆಯೇ? ಬರುತ್ತದೆ, ಸುತ್ತುವವಳು ಉಂಡೆಯಮ್ಮನಾದರೆ. ಒಂದು ಚೂರು ಉಣ್ಣೆಯ ಮೇಲೆ ಆ ಕಪ್ಪು ಎಳೆಯನ್ನು ಸುತ್ತಿದಳು. ಅತ್ತೆ ತುದಿ ಹಿಡಿದುಕೊಂಡರು. ಅದರ ಮೇಲೆ ಸಿಕ್ಕಿನಿಂದ ಉದುರಿದ ಮಗುವಿನ ಕಂದು ಕೂದಲು, ಅದರ ಮೇಲೆ ಶೆಡ್ಡಿನಿಂದ ತಂದಿದ್ದ ಒಂದಿಷ್ಟು ನೀಲಿ ನೂಲು. ನೆಲ್ಲಿಕಾಯಿಯಷ್ಟು ಆಯಿತು. ಮಗು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, "ಒಳಗಿದ್ದಾಳೆ" ಎಂದು ಬೀರುವಿನಲ್ಲಿಟ್ಟಿತು.

ಆಮೇಲಿನ ವರ್ಷಗಳ ಬೆಳಗುಗಳೆಲ್ಲ ಉಂಡೆಯಮ್ಮನ ನೆನಪಿನಲ್ಲಿ ಒಂದೇ ಬೆಳಗಾಗಿ ಕೂಡಿಕೊಂಡಿವೆ: ಹಿತ್ತಿಲ ಮೆಟ್ಟಿಲು, ಮಂಡಿಗಳ ನಡುವೆ ಒಂದು ಪುಟ್ಟ ತಲೆ, ಎಣ್ಣೆಯ ಬಟ್ಟಲು, ಸಿಕ್ತು, ಏನು ಸಿಕ್ತು. ಸಿಕ್ಕಿದ್ದರಲ್ಲಿ ನಿಜ ಕಡಿಮೆ. ಆನೆ ಸಿಕ್ಕಿತು, ರೈಲು ಸಿಕ್ಕಿತು, ಟೀಚರಮ್ಮನ ಕೋಲು ಸಿಕ್ಕಿತು, ಅಪ್ಪನ ಕಳೆದುಹೋದ ಸ್ಪ್ಯಾನರು ಸಿಕ್ಕಿತು. ಒಳಗಿನಿಂದ ಆತ, "ಸಿಕ್ಕಿದ್ರೆ ಕೊಡ್ರೇ, ಕೆಲಸಕ್ಕೆ ಬೇಕು" ಎಂದು ಕೂಗುತ್ತಿದ್ದ. ಎಂಥ ಬೆಳಗುಗಳು ಅವು! ಬದುಕಿನಲ್ಲಿ ಸುಖ ಎಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಉಂಡೆಯಮ್ಮ ಆ ಮೆಟ್ಟಿಲನ್ನು ತೋರಿಸುತ್ತಾಳೆ.

ಮುಂದೊಂದು ದಿನ ಹುಡುಗಿ ಕನ್ನಡಿಯ ಮುಂದೆ ನಿಂತು, "ಇನ್ಮೇಲೆ ನಾನೇ ಬಾಚ್ಕೋತೀನಿ ಉಂಡೆಯಮ್ಮ" ಎಂದಳು. ದೊಡ್ಡವಳಾಗಿದ್ದಳು, ಸಹಜ. ಅಂದು ಉಂಡೆಯಮ್ಮ ಅಂಗಡಿಯ ಪೊಟ್ಟಣಗಳ ದಾರವನ್ನೆಲ್ಲ ಬಿಚ್ಚಿ ಉಂಡೆ ಸುತ್ತುತ್ತಾ ಕೂತಳು. ಹೊಸ ಸ್ವೆಟರುಗಳೇ ಅಗ್ಗವಾಗಿ ಶೆಡ್ಡು ಮುಚ್ಚಿತು. ಹಾಸಿಗೆ ಹಿಡಿದ ಅತ್ತೆಯ ನಾಲ್ಕು ಬಿಳಿ ಕೂದಲನ್ನು ಹುಡುಗಿಯೇ ಬಾಚುತ್ತಿದ್ದಳು, ಅತ್ತೆಯೂ ಹೋದರು. ಟೈರುಗಳ ನಡುವೆ ಬೆನ್ನು ಬಗ್ಗಿಸಿ ದುಡಿದವನೂ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ಮಗಳಿಗೆ ಮದುವೆಯಾಯಿತು, ಮಗುವಾಯಿತು. ಮಗುವಿನ ತಲೆಯಲ್ಲಿ ಮತ್ತದೇ ಕಂದು ಹತ್ತಿ ಹಾರಾಡತೊಡಗಿದಾಗ ಉಂಡೆಯಮ್ಮ ಯಾರಿಗೂ ಕಾಣದ ಹಾಗೆ ಬಚ್ಚಲಿಗೆ ಹೋಗಿ ಸಂತೋಷಕ್ಕೆ ಅತ್ತಳು. ಅರ್ಧ ತಲೆ ಮತ್ತೆ ಅವಳ ಪಾಲಿಗೆ ಬಂದಿತ್ತು.

ಈಗ ಅದಕ್ಕೂ ಭಾನುವಾರ ಬಂದಿದೆ.

ಇವತ್ತು ಬೆಳಿಗ್ಗೆ ಮಗಳು ಎಡಗಡೆ ಬಾಚಿ, ಎಂದಿನ ಮಾತು ಹೇಳದೆ ನಿಂತಳು. ಮೊಮ್ಮಗಳಿಗೆ ಅದ್ಯಾವುದರ ಪರಿವೆಯೂ ಇಲ್ಲ; ನಿನ್ನೆಯ ನೋವನ್ನು ನಿನ್ನೆಗೇ ಬಿಟ್ಟು, ತಾನಾಗಿ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತಳು. ಉಂಡೆಯಮ್ಮ ಮಗಳೇ ಮಾಡಿಸಿಕೊಟ್ಟ ಕನ್ನಡಕ ಏರಿಸಿಕೊಂಡಳು. ಬಾಚಣಿಗೆ ಬದಿಗಿಟ್ಟು ಕೈಗೆ ಎಣ್ಣೆ ಸವರಿಕೊಂಡಳು. ನಡುಗುವ ಬೆರಳಿಗೆ ಬಯ್ದು, ಪುಸಲಾಯಿಸಿ, ತುದಿಯಿಂದ ಶುರು ಮಾಡಿದಳು. ಇನ್ನು ಕೆಲವೇ ಬೆಳಗು. ಕೆಟ್ಟ ಹೆಸರು ತರಬೇಡಿ ಎಂದು ಒಳಗೇ ಬೇಡಿಕೊಂಡಳು.

"ಸಿಕ್ತು" ಎಂದಳು ಸಣ್ಣಗೆ.

"ಏನು ಸಿಕ್ತು ಅಜ್ಜಿ?"

ಏನೆಂದು ಕಾಣಲಿಲ್ಲ. ಕನ್ನಡಕ ಸರಿಮಾಡಿಕೊಂಡರೂ ಕಾಣಲಿಲ್ಲ. ಮೊಮ್ಮಗಳೇ ಕೈ ಹಿಂದೆ ಚಾಚಿ ಅದನ್ನು ಎಳೆದುಕೊಂಡು ಬೆಳಕಿಗೆ ಹಿಡಿದಳು. ಉದ್ದನೆಯ ಬೆಳ್ಳಿ ಎಳೆ. ರಾತ್ರಿ ಅಜ್ಜಿಯ ತೋಳಿನ ಮೇಲೆ ಮಲಗುವ ಹುಡುಗಿ; ಅಂಟಿಕೊಂಡದ್ದು ಯಾವಾಗಲೋ.

"ಬಿಳೀದು! ಅಮ್ಮಾ ನೋಡು, ಅಜ್ಜಿ ಸಿಕ್ಕಿದ್ರು!"

ಬಾಗಿಲಲ್ಲಿ ಮಗಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋದಳು. ಬೀರುವಿನ ಬಾಗಿಲು ಕಿರ್ರೆಂದಿತು. ಬರುವಾಗ ಅವಳ ಕೈಯಲ್ಲಿ ಬಣ್ಣ ಮಾಸಿದ ಆ ನೀಲಿ ಉಂಡೆ ಇತ್ತು.

ಅವಳು ಮೆಟ್ಟಿಲಲ್ಲಿ, ತಾಯಿಯ ಪಕ್ಕ ಒತ್ತರಿಸಿಕೊಂಡು ಕೂತಳು. ಹುಡುಗಿಯ ಕೈಯಿಂದ ಬಿಳಿ ಎಳೆ ತೆಗೆದುಕೊಂಡು ಉಂಡೆಯ ಮೇಲೆ ಸುತ್ತಿದಳು, ಒಂದು ಸುತ್ತು, ಇನ್ನೊಂದು ಸುತ್ತು, ಎಳೆ ಮುಗಿಯುವವರೆಗೆ. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಕೊನೆಯ ತುದಿ ನಿಲ್ಲಲಿಲ್ಲ. ಉಂಡೆಯಮ್ಮ ತನ್ನ ನಡುಗುವ ಬೆರಳಿನಿಂದ ಅದನ್ನು ಒತ್ತಿ ಹಿಡಿದಳು.

"ಭಾನುವಾರ ಎಲ್ಲಿಗೂ ಹೋಗೋದು ಬೇಡ," ಎಂದಳು ಮಗಳು.

"ಮತ್ತೆ ಅತ್ತರೆ ಇವಳು?"

"ಅಳ್ತಾಳೆ. ನಾನು ಅತ್ತಿರ್ಲಿಲ್ವಾ?" ಅವಳು ಬಾಚಣಿಗೆ ಎತ್ತಿ ತಾಯಿಯ ಮಡಿಲಲ್ಲಿಟ್ಟಳು. "ಬಾಚು. ಉಳಿದಿದ್ದು ನಿಂದು."

ಮಗಳು ಎದ್ದು ಹೋಗಲಿಲ್ಲ. ಬಲಗಡೆಯ ಸಿಕ್ಕು ಪೂರ್ತಿ ಬಿಡುವವರೆಗೂ ಅವಳು ಆ ಉಂಡೆ ಹಿಡಿದುಕೊಂಡು ಅಲ್ಲೇ ಕೂತಿದ್ದಳು. ಕನ್ನಡಕದ ಅಂಗಡಿಯ ಬಾಗಿಲು ಇವತ್ತು ತಡವಾಗಿ ತೆರೆಯಿತು.